ಪೋಡಿನ ಸರ್ಕಾರಕ್ಕೆ ಗುಮಾಸ್ತ ಯಾರು?

2011ರ ಅಕ್ಟೋಬರ್ 2ರಂದು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗ ಬುಡಕಟ್ಟಿನ 25 ಗ್ರಾಮಸಭೆಗಳ ಕೈಗೆ ಸಮುದಾಯ ಅರಣ್ಯ ಹಕ್ಕುಪತ್ರ ಬಂತು. ಅದೇ ವರ್ಷ ಜನವರಿಯಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಗಿತ್ತು. ಹುಲಿಗೆಂದು ಮೀಸಲಾದ ಕಾಡಿನೊಳಗೆ ಅಲ್ಲಿಯ ಜನರ ಸಮುದಾಯ ಹಕ್ಕನ್ನು ಸರ್ಕಾರ ಒಪ್ಪಿದ್ದು ದೇಶದಲ್ಲೇ ಮೊದಲು ಎಂದು ಪತ್ರಿಕೆಗಳು ಬರೆದವು. ಆ ಸಂಭ್ರಮ ಸುಳ್ಳಲ್ಲ. ಜೇನು, ನೆಲ್ಲಿ, ಸೀಗೆ, ಅಂಟುವಾಳ ಕೊಯ್ದರೆ ಕಳ್ಳತನ ಎನಿಸಿಕೊಳ್ಳುತ್ತಿದ್ದವರು ಅವುಗಳ ಒಡೆಯರಾದರು. 2006ರ ಅರಣ್ಯ ಹಕ್ಕು ಕಾಯ್ದೆ ಅಷ್ಟಕ್ಕೇ ನಿಲ್ಲುವುದಿಲ್ಲ. ಕಾಡನ್ನು ಕಾಯುವ, ಬೆಳೆಸುವ, ನಿರ್ವಹಿಸುವ ಅಧಿಕಾರವನ್ನೂ ಗ್ರಾಮಸಭೆಗೇ ಕೊಡುತ್ತದೆ. ಆ ಕಾಡಿನ ಮಟ್ಟಿಗೆ ಪೋಡಿನ, ಅಂದರೆ ಸೋಲಿಗರ ಊರಿನ, ಸಭೆಯೇ ಒಂದು ಸರ್ಕಾರ.

ಸರ್ಕಾರ ಅಂದಮೇಲೆ ಬರವಣಿಗೆಯ ಕೆಲಸ ಇದ್ದೇ ಇರುತ್ತದೆ. ಹಕ್ಕುಪತ್ರ ಕೊಟ್ಟವರು ಆ ಕೆಲಸವನ್ನು ಯಾರು ಮಾಡಬೇಕು, ಮಾಡಿದವರಿಗೆ ಸಂಬಳ ಎಲ್ಲಿಂದ ಎಂಬುದನ್ನು ಹೇಳದೆ ಹೋದರು. ಕಾಡಿನ ಜನರ ಸ್ವಯಮಾಡಳಿತದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಹಕ್ಕು ಕೊಡಬೇಕೋ ಬೇಡವೋ ಎಂಬಲ್ಲೇ ಸುತ್ತುತ್ತದೆ. ಕೊಟ್ಟ ಮಾರನೆಯ ದಿನ ಅದನ್ನು ನಡೆಸಿಕೊಂಡು ಹೋಗುವುದು ಹೇಗೆ ಎಂದು ಕೇಳುವವರು ಕಡಿಮೆ. ನನಗೆ ಈಗ ಅದೇ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ.

ಕಾಯ್ದೆಯನ್ನೂ 2008ರ ನಿಯಮಗಳನ್ನೂ 2012ರ ತಿದ್ದುಪಡಿಯನ್ನೂ ಒಟ್ಟಿಗಿಟ್ಟು ಓದಿದರೆ ಒಂದು ಪೋಡಿನ ಹೆಗಲ ಮೇಲೆ ಏನೇನು ಬಿದ್ದಿದೆ ಎಂಬುದು ಗೊತ್ತಾಗುತ್ತದೆ. ಸಭೆಯ ನೋಟಿಸು ಹೊರಡಿಸಬೇಕು. ಅರ್ಧದಷ್ಟು ಸದಸ್ಯರು ಬಂದಿರಬೇಕು, ಬಂದವರಲ್ಲಿ ಮೂರನೇ ಒಂದರಷ್ಟು ಹೆಂಗಸರಿರಬೇಕು, ಅದು ಹಾಜರಾತಿಯಲ್ಲಿ ಕಾಣಬೇಕು. ಸೋಲಿಗರಲ್ಲಿ ಅನೇಕರು ಕಾಫಿ ತೋಟಗಳಿಗೆ ಕೂಲಿಗೆ ಹೋಗುವವರು. ಹಣ್ಣು ಬಿಡಿಸುವ ಹಂಗಾಮಿನಲ್ಲಿ ಅರ್ಧ ಪೋಡನ್ನು ಒಂದೆಡೆ ಕೂರಿಸುವುದು ಸಲೀಸಲ್ಲ. ಹತ್ತರಿಂದ ಹದಿನೈದು ಜನರ ಅರಣ್ಯ ಹಕ್ಕು ಸಮಿತಿ ಇರಬೇಕು. ಅದು ಅರ್ಜಿ ಪಡೆದು ಸ್ವೀಕೃತಿ ಕೊಡಬೇಕು, ಸ್ಥಳ ಪರಿಶೀಲಿಸಬೇಕು, ನಕ್ಷೆ ಬರೆಯಬೇಕು. ಕಾಡು ಕಾಯಲು ಇನ್ನೊಂದು ಸಮಿತಿ. ಅದು ಸಂರಕ್ಷಣೆ ಮತ್ತು ನಿರ್ವಹಣೆಯ ಯೋಜನೆ ಬರೆಯಬೇಕು. ಉತ್ಪನ್ನ ಸಾಗಿಸುವ ರಹದಾರಿ, ಬಂದ ಹಣದ ಬಳಕೆ, ಯೋಜನೆಯ ಬದಲಾವಣೆ ಎಲ್ಲಕ್ಕೂ ಗ್ರಾಮಸಭೆಯ ಒಪ್ಪಿಗೆ ಪಡೆಯಬೇಕು. ಇದರ ಮೇಲೆ ಬ್ಯಾಂಕ್ ಖಾತೆ, ಲೆಕ್ಕಪತ್ರ, ಉಪವಿಭಾಗ ಮಟ್ಟದ ಸಮಿತಿಗೆ ಪತ್ರ, ಅಲ್ಲಿ ಅರ್ಜಿ ಬಿದ್ದುಹೋದರೆ 60 ದಿನದೊಳಗೆ ಮೇಲ್ಮನವಿ.

ಪಕ್ಕದ ಗ್ರಾಮ ಪಂಚಾಯಿತಿಯನ್ನು ನೋಡಿ. ಅಲ್ಲಿ ಪಿಡಿಒ, ಕಾರ್ಯದರ್ಶಿ, ಕರ ವಸೂಲಿಗಾರ, ಕಂಪ್ಯೂಟರ್ ಆಪರೇಟರ್, ನೀರುಗಂಟಿ ಇದ್ದಾರೆ. ಕಟ್ಟಡವಿದೆ, ಬೀರುವಿದೆ, ಹಣಕಾಸು ಆಯೋಗದ ಅನುದಾನ ಬರುತ್ತದೆ. ನೂರಾರು ಹೆಕ್ಟೇರ್ ಕಾಡಿನ ಜವಾಬ್ದಾರಿ ಹೊತ್ತ ಪೋಡಿನ ಸಭೆಗೆ ಒಬ್ಬ ಅರೆಕಾಲಿಕ ಬರಹಗಾರನೂ ಇಲ್ಲ. ಇನ್ನೊಂದು ಕೊರತೆಯೂ ಸೇರಿಕೊಂಡಿದೆ. ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯಡಿ ಬುಡಕಟ್ಟು ಪ್ರದೇಶವೆಂದು ಘೋಷಿಸಿದ ಜಾಗ ಇಲ್ಲ, ಹಾಗಾಗಿ ಗ್ರಾಮಸಭೆಗೆ ಬಲ ಕೊಡುವ 1996ರ ಪೆಸಾ ಕಾಯ್ದೆ ಇಲ್ಲಿಗೆ ಅನ್ವಯಿಸುವುದಿಲ್ಲ. ಸೋಲಿಗರು, ಜೇನು ಕುರುಬರು, ಕಾಡು ಕುರುಬರು, ಯರವರು, ಕೊರಗರು ಕಾಡಿನ ವಿಷಯಕ್ಕೆ ನೆಚ್ಚಿಕೊಳ್ಳಬೇಕಾದದ್ದು ಅರಣ್ಯ ಹಕ್ಕು ಕಾಯ್ದೆ ಒಂದನ್ನೇ.

ಖಾಲಿ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ಮೊದಲು ಬರುವವರು ಅರಣ್ಯ ಇಲಾಖೆಯವರು. ಗ್ರಾಮ ಅರಣ್ಯ ಸಮಿತಿಗಳ ಹಳೆಯ ಪದ್ಧತಿಯಲ್ಲಿ ಊರಿನವರು ಅಧ್ಯಕ್ಷರಾದರೂ ಸದಸ್ಯ ಕಾರ್ಯದರ್ಶಿ ಇಲಾಖೆಯ ಫಾರೆಸ್ಟರೇ. ನಡಾವಳಿ ಪುಸ್ತಕ ಅವರ ಬಳಿ, ಪಾಸ್‌ಬುಕ್ಕಿಗೆ ಅವರದ್ದೂ ಸಹಿ. ಆ ಪದ್ಧತಿ ಎಷ್ಟು ರೂಢಿಯಾಗಿದೆ ಎಂದರೆ, ಹಕ್ಕು ಕಾಯ್ದೆಯಡಿ ರಚನೆಯಾದ ಸಮಿತಿಯನ್ನೂ ಅದೇ ಕಣ್ಣಿನಿಂದ ನೋಡುವ ಅಧಿಕಾರಿಗಳಿದ್ದಾರೆ. ಇನ್ನೊಂದು ಕಡೆ ಲ್ಯಾಂಪ್ಸ್ ಸೊಸೈಟಿಗಳು. ಬುಡಕಟ್ಟು ಜನರ ಸಹಕಾರ ಸಂಘಗಳೆಂದೇ ಹುಟ್ಟಿ ದಶಕಗಳಿಂದ ಕಿರು ಅರಣ್ಯ ಉತ್ಪನ್ನ ಕೊಳ್ಳುತ್ತಾ ಬಂದಿವೆ. ಉತ್ಪನ್ನದ ಒಡೆತನ ಗ್ರಾಮಸಭೆಯದ್ದಾದ ಮೇಲೆ ಸೊಸೈಟಿಗೂ ಸಭೆಗೂ ಇರಬೇಕಾದ ಸಂಬಂಧವನ್ನು ಯಾರಾದರೂ ಕೂತು ಬರೆಯಬೇಕಿತ್ತು. ಮೂರನೆಯವರು ಸ್ವಯಂಸೇವಾ ಸಂಸ್ಥೆಗಳು ಮತ್ತು ಸಂಶೋಧಕರು. ಬಿಳಿಗಿರಿಯ ಅದೃಷ್ಟಕ್ಕೆ ಇವರು ಚೆನ್ನಾಗಿಯೇ ಒದಗಿದರು. ಸೋಲಿಗ ಅಭಿವೃದ್ಧಿ ಸಂಘ, 1981ರಿಂದ ಅಲ್ಲಿರುವ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಅಶೋಕ ಪರಿಸರ ಸಂಶೋಧನಾ ಟ್ರಸ್ಟ್ ಸೇರಿ ದೇವರು, ಕಲ್ಲುಗುಡಿ, ಮಾರಮ್ಮ, ವೀರು, ಅಬ್ಬಿ ಎಂದು ಸೋಲಿಗರು ಕರೆಯುವ ಪವಿತ್ರ ಜಾಗಗಳನ್ನೆಲ್ಲ ಹಿರಿಯರೊಂದಿಗೆ ನಡೆದು ಗುರುತಿಸಿ ನಕ್ಷೆ ಮಾಡಿದರು. ಹಕ್ಕು ಸಾಬೀತಾದದ್ದರಲ್ಲಿ ಆ ನಕ್ಷೆಯ ಪಾಲು ದೊಡ್ಡದು. ಆದರೆ ಇಂಥ ಸಂಸ್ಥೆಗಳು ನಡೆಯುವುದು ಯೋಜನೆಗಳ ಹಣದಲ್ಲಿ. ಮೂರು ವರ್ಷದ ಯೋಜನೆ ಮುಗಿದರೆ ಬರೆಯುತ್ತಿದ್ದ ಕೈ ಬೇರೆ ಕೆಲಸಕ್ಕೆ ಹೋಗುತ್ತದೆ. ಎಲ್ಲ ಹಾಡಿ, ಪೋಡುಗಳಿಗೂ ಆ ಅದೃಷ್ಟವೂ ಇಲ್ಲ.

ಬರೆಯುವ ಕೈ ಯಾರದ್ದು ಎಂಬುದು ಎಷ್ಟು ದೊಡ್ಡ ವಿಷಯ? ಎರಡು ಪ್ರಸಂಗ ಹೇಳುತ್ತೇನೆ. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿ ಬೇಕೋ ಬೇಡವೋ ಎಂಬುದನ್ನು ಗ್ರಾಮಸಭೆಗಳೇ ಹೇಳಲಿ ಎಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು. ಸಭೆಗಳಿಗೆ ಜಿಲ್ಲಾ ನ್ಯಾಯಾಧೀಶರ ದರ್ಜೆಯ ವೀಕ್ಷಕರು ಇರಬೇಕೆಂದೂ ಹೇಳಿತು. ಆ ಮಳೆಗಾಲದಲ್ಲಿ 12 ಹಳ್ಳಿಗಳಲ್ಲಿ ಸಭೆ ನಡೆಯಿತು. ಅಲ್ಲಿಯ ಬುಡಕಟ್ಟಿನವರಾದ ಡೋಂಗ್ರಿಯಾ ಕೊಂಧರು ಮತ್ತು ಅವರ ನೆರೆಯವರು ತಮ್ಮ ದೇವರಾದ ನಿಯಮರಾಜನ ಬೆಟ್ಟದ ಬಗ್ಗೆ ಆಡಿದ ಮಾತು ನ್ಯಾಯಾಧೀಶರ ಎದುರಿಗೇ ದಾಖಲಾಯಿತು. ಹನ್ನೆರಡೂ ಹಳ್ಳಿ ಬೇಡವೆಂದವು, 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಗಣಿಗೆ ಅನುಮತಿ ನಿರಾಕರಿಸಿತು. ಛತ್ತೀಸ್‌ಗಢದ ಹಸದೇವ್ ಅರಣ್ಯದಲ್ಲಿ ಇದರ ತದ್ವಿರುದ್ಧ. ಅಲ್ಲಿ ಕಲ್ಲಿದ್ದಲು ಗಣಿಗೆ ಗ್ರಾಮಸಭೆಗಳು ಒಪ್ಪಿವೆ ಎಂಬ ಠರಾವುಗಳು ಕಡತದಲ್ಲಿವೆ. ನಾವು ಸಭೆಯಲ್ಲಿ ಆ ವಿಷಯವನ್ನು ಚರ್ಚಿಸಿಯೇ ಇಲ್ಲ, ಆಮೇಲೆ ಸೇರಿಸಿದ್ದಾರೆ ಎಂದು ಹಳ್ಳಿಗರು ವರ್ಷಗಟ್ಟಲೆ ದೂರುತ್ತಿದ್ದಾರೆ. 2021ರ ಅಕ್ಟೋಬರ್‌ನಲ್ಲಿ ಸುಮಾರು 300 ಕಿಲೋಮೀಟರ್ ನಡೆದು ರಾಯಪುರಕ್ಕೆ ಹೋಗಿ ಹೇಳಿಕೊಂಡರು. ಎರಡೂ ಕಡೆ ಕಾಯ್ದೆ ಒಂದೇ. ಮಾತು ಪುಸ್ತಕಕ್ಕೆ ಇಳಿದ ಬಗೆ ಬೇರೆ.

ಹಾಗಾದರೆ ತಮ್ಮ ಪುಸ್ತಕವನ್ನು ತಾವೇ ಬರೆದುಕೊಂಡವರು ಇದ್ದಾರೆಯೇ? ಇದ್ದಾರೆ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ-ಲೇಖಾ ಎಂಬ ಗೊಂಡರ ಊರು. ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕು ಪಡೆದ ದೇಶದ ಮೊದಲ ಊರುಗಳಲ್ಲಿ ಅದೂ ಒಂದು. 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡು ಅದರ ಆಡಳಿತಕ್ಕೆ ಬಂತು. ಆದರೆ ಹಕ್ಕುಪತ್ರ ಬಂದಮೇಲೂ ಬಿದಿರು ಕಡಿದು ಸಾಗಿಸಲು ಅರಣ್ಯ ಇಲಾಖೆ ರಹದಾರಿ ಕೊಡಲಿಲ್ಲ. ಬಿದಿರು ಮರವೋ ಹುಲ್ಲೋ, ಮರವಾದರೆ ಇಲಾಖೆಯದ್ದು, ಹುಲ್ಲಾದರೆ ಊರಿನದ್ದು ಎಂಬ ತಕರಾರು. 2011ರ ಏಪ್ರಿಲ್‌ನಲ್ಲಿ ಅಂದಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಆ ಊರಿಗೇ ಬಂದು ರಹದಾರಿ ಪುಸ್ತಕವನ್ನು ಗ್ರಾಮಸಭೆಗೆ ಕೊಡಿಸಿದರು. ಅಂದಿನಿಂದ ಬಿದಿರಿನ ಲಾರಿ ಹೊರಡಬೇಕಾದರೆ ಊರಿನ ಮುದ್ರೆ ಬೇಕು.

ಸಚಿವರು ಬಂದದ್ದಷ್ಟೇ ಎಲ್ಲರಿಗೂ ನೆನಪಿದೆ. ನನಗೆ ಮುಖ್ಯವೆನಿಸುವುದು ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಆ ಊರು ಮಾಡಿಟ್ಟುಕೊಂಡಿದ್ದ ಸಿದ್ಧತೆ. ದೇವಾಜಿ ತೋಫಾ ಅವರಂಥ ಊರಿನ ಮುಂದಾಳುಗಳೂ ಹೊರಗಿನಿಂದ ಬಂದು ಜೊತೆಗಿದ್ದ ಮೋಹನ್ ಹೀರಾಬಾಯಿ ಹೀರಾಲಾಲ್ ಅವರೂ ಸೇರಿ ಅಲ್ಲಿ ಅಧ್ಯಯನ ಗುಂಪುಗಳನ್ನು ನಡೆಸುತ್ತಿದ್ದರು. ಕಾಡಿನ ಕಾನೂನು, ಜೇನು ಕೀಳುವ ಬಗೆ, ಲೆಕ್ಕ ಬರೆಯುವುದು, ಏನಿದ್ದರೂ ಆ ಗುಂಪಿನಲ್ಲಿ ಕೂತು ಮಾತಾಡುವುದು. ಗುಂಪು ತೀರ್ಮಾನ ಮಾಡುವುದಿಲ್ಲ, ತಿಳಿದುಕೊಂಡದ್ದನ್ನು ಸಭೆಯ ಮುಂದಿಡುತ್ತದೆ. ತೀರ್ಮಾನ ಗ್ರಾಮಸಭೆಯದ್ದು, ಅದೂ ಬಹುಮತದಿಂದಲ್ಲ, ಎಲ್ಲರೂ ಒಪ್ಪುವ ತನಕ ಮಾತಾಡಿ. ‘ದಿಲ್ಲಿ, ಮುಂಬೈಯಲ್ಲಿ ನಮ್ಮ ಸರ್ಕಾರ, ನಮ್ಮ ಊರಿನಲ್ಲಿ ನಾವೇ ಸರ್ಕಾರ’ ಎಂಬ ಅವರ ಘೋಷಣೆಯನ್ನು ಎಲ್ಲರೂ ಉದ್ಧರಿಸುತ್ತಾರೆ. ಆ ಮಾತಿಗೆ ತೂಕ ಬಂದದ್ದು ಅಧ್ಯಯನ ಗುಂಪಿನ ಚಾಪೆಯ ಮೇಲೆ. ತಿಳಿವಳಿಕೆ ಒದಗಿಸುವವರನ್ನೂ ತೀರ್ಮಾನಿಸುವವರನ್ನೂ ಬೇರೆ ಬೇರೆ ಇಟ್ಟ ಆ ಏರ್ಪಾಡು ಬಹಳ ಜಾಣತನದ್ದು. ದೊಡ್ಡ ಸರ್ಕಾರಗಳಲ್ಲಿ ಸಚಿವ ಸಂಪುಟವೂ ಸಚಿವಾಲಯವೂ ಬೇರೆಯಾಗಿರುವುದು ಇದೇ ಕಾರಣಕ್ಕೆ. ಅದೇ ಜಿಲ್ಲೆಯ ಕೋರ್ಚಿ ತಾಲ್ಲೂಕಿನಲ್ಲಿ ಸುಮಾರು 90 ಗ್ರಾಮಸಭೆಗಳು ಸೇರಿ ಒಂದು ಮಹಾಗ್ರಾಮಸಭೆ ಮಾಡಿಕೊಂಡಿವೆ. ಬೀಡಿ ಎಲೆಯ ವ್ಯಾಪಾರದಲ್ಲಿ ಒಂಟಿ ಊರಿಗೆ ಇಲ್ಲದ ಶಕ್ತಿ ಹೀಗೆ ಕೂಡಿಕೊಂಡಾಗ ಬರುತ್ತದೆ.

ದೇಶದಾಚೆಯ ಒಂದು ಉದಾಹರಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೆನಡಾದ ವಾಯವ್ಯ ಪ್ರಾಂತ್ಯದಲ್ಲಿ ತ್ಲೀಚೋ ಎಂಬ ಮೂಲನಿವಾಸಿ ಜನರಿದ್ದಾರೆ. 2005ರ ಆಗಸ್ಟ್ 4ರಂದು ಜಾರಿಗೆ ಬಂದ ಒಪ್ಪಂದದ ಪ್ರಕಾರ ಸುಮಾರು 39,000 ಚದರ ಕಿಲೋಮೀಟರ್ ನೆಲ, ಅದರಡಿಯ ಖನಿಜವೂ ಸೇರಿ, ಅವರದ್ದು. ತಮ್ಮದೇ ಸರ್ಕಾರವಿದೆ, ನಾಲ್ಕು ಊರಿಗೂ ಸಮುದಾಯ ಸರ್ಕಾರಗಳಿವೆ. ಅಲ್ಲಿ ಗಮನಿಸಬೇಕಾದದ್ದು ಹಣದ ಏರ್ಪಾಡು. ಒಪ್ಪಂದದ ಪರಿಹಾರವಾಗಿ 15 ಕೋಟಿ ಡಾಲರ್‌ಗೂ ಹೆಚ್ಚು ಹಣ ಹಲವು ವರ್ಷಗಳ ಕಂತಿನಲ್ಲಿ ಬಂತು, ಖನಿಜದ ರಾಯಧನದಲ್ಲಿ ಪಾಲು ಸಿಕ್ಕಿತು, ಆಡಳಿತ ನಡೆಸುವ ಖರ್ಚಿಗೆ ಪ್ರತ್ಯೇಕ ಒಪ್ಪಂದವಾಯಿತು. ಹಾಗಾಗಿ ನೀತಿ ಬರೆಯುವವರು, ವಕೀಲರು, ನಕ್ಷೆ ಮಾಡುವವರು ತ್ಲೀಚೋ ಸರ್ಕಾರದ ನೌಕರರು.

ಅದರಿಂದ ಏನಾಯಿತು ಎಂಬುದಕ್ಕೆ ಕ್ಯಾರಿಬೂ ಹಿಮಸಾರಂಗದ ಕಥೆ ಸಾಕು. 1986ರಲ್ಲಿ ನಾಲ್ಕೂವರೆ ಲಕ್ಷ ದಾಟಿದ್ದ ಬಾಥರ್ಸ್ಟ್ ಹಿಂಡು 2018ಕ್ಕೆ ಎಂಟು ಸಾವಿರದ ಆಸುಪಾಸಿಗೆ ಇಳಿಯಿತು. ವಿಮಾನದಿಂದ ಎಣಿಸುವ ಸರ್ಕಾರಿ ವಿಜ್ಞಾನಿಗಳ ವರದಿಗೆ ಕಾಯುತ್ತಾ ಕೂರದೆ ತ್ಲೀಚೋ ಸರ್ಕಾರ 2016ರಿಂದ ಹಿರಿಯರನ್ನೂ ಯುವಕರನ್ನೂ ಬೇಸಿಗೆಯಲ್ಲಿ ಸಾರಂಗದ ನೆಲೆಗೆ ಕಳಿಸುತ್ತಿದೆ. ಅವರು ನಡೆದು ನೋಡಿ ಹೇಳಿದ್ದನ್ನು ಬರೆದು ವರದಿ ಮಾಡುತ್ತದೆ. ವನ್ಯಜೀವಿ ನಿರ್ವಹಣೆಯ ಜಂಟಿ ಮಂಡಳಿಯ ಮುಂದೆ ಆ ವರದಿ ವಿಜ್ಞಾನಿಗಳ ವರದಿಯ ಪಕ್ಕದಲ್ಲೇ ಕೂರುತ್ತದೆ.

ಇದನ್ನು ಓದಿದಾಗ ನನ್ನ ಮನಸ್ಸು ತಟ್ಟನೆ ಹೋದದ್ದು ಸೋಲಿಗರ ತರಗು ಬೆಂಕಿಗೆ. ಬೇಸಿಗೆ ಬಲಿಯುವ ಮೊದಲೇ ಒಣ ತರಗೆಲೆಗೆ ಸಣ್ಣ ಬೆಂಕಿ ಹಾಕಿ ಕಾಡಿನ ತಳ ಚೊಕ್ಕ ಮಾಡುವ ಪದ್ಧತಿ ಅವರದ್ದು. ಕಾಡು ಅಭಯಾರಣ್ಯವಾದ ಮೇಲೆ ಅದು ನಿಂತಿತು. ಬೆಂಕಿ ನಿಂತದ್ದರಿಂದಲೇ ಲಂಟಾನ ಕಳೆ ಹಬ್ಬಿತು, ನೆಲ್ಲಿ ಮರಕ್ಕೆ ಉಪ್ಪಿಲು ಎಂಬ ಬಂದಳಿಕೆ ಹತ್ತಿ ಮರ ಸಾಯುತ್ತಿದೆ ಎಂದು ಸೋಲಿಗರು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ. ಪರಿಸರ ವಿಜ್ಞಾನಿಗಳು ಅದನ್ನು ಗಂಭೀರವಾಗಿ ತೆಗೆದುಕೊಂಡು ಪ್ರಬಂಧ ಬರೆದಿದ್ದಾರೆ. ಹಿರಿಯರ ಬಾಯಲ್ಲಿರುವುದು ಕಾಡಿನ ನಿರ್ವಹಣಾ ಯೋಜನೆಯ ಒಂದು ಅಧ್ಯಾಯವಾಗಬೇಕಾದರೆ ಯಾವ ಎಲ್ಲೆಯಲ್ಲಿ, ಯಾವ ತಿಂಗಳು, ಎಷ್ಟು ಇಬ್ಬನಿ ಇರುವಾಗ, ಯಾರ ಕಾವಲಿನಲ್ಲಿ ಎಂಬುದೆಲ್ಲ ಕಾಗದಕ್ಕೆ ಬರಬೇಕು. ವನ್ಯಜೀವಿ ಕಾಯ್ದೆಗೂ ಅರಣ್ಯ ಹಕ್ಕು ಕಾಯ್ದೆಗೂ ಎಲ್ಲಿ ತಾಗುತ್ತದೆ ಎಂದು ತಿಳಿದವರು ನೋಡಿಕೊಡಬೇಕು. ಬೆಟ್ಟದ ಸೋಲಿಗರು ಬೆಂಬಲಿಗರ ಜೊತೆ ಕೂತು ಇಂಥ ಯೋಜನೆ ಮಾಡಿದ್ದೂ ಉಂಟು. ಅದನ್ನು ವರ್ಷ ವರ್ಷವೂ ತಿದ್ದಿ, ಇಲಾಖೆಯ ಮುಂದಿಟ್ಟು, ಉತ್ತರ ಬರುವ ತನಕ ಬೆನ್ನು ಹತ್ತುವವರು ಬೇಕಲ್ಲ. ಕೂಲಿ ಬಿಟ್ಟು ತಿಂಗಳಿಗೆ ನಾಲ್ಕು ಸಲ ಚಾಮರಾಜನಗರಕ್ಕೆ ಬಸ್ ಹತ್ತಿ ಹೋಗು ಎಂದು ಯಾರಿಗೆ ಹೇಳುವುದು?

ಕೇಂದ್ರ ಸರ್ಕಾರಕ್ಕೆ ಈ ಕೊರತೆ ಕಂಡಿಲ್ಲ ಎನ್ನಲಾಗದು. ನಿಯಮಗಳಲ್ಲಿಯೇ ಹಕ್ಕು ಕೊಟ್ಟ ನಂತರದ ನೆರವಿನ ಮಾತಿದೆ. 2023ರ ಸೆಪ್ಟೆಂಬರ್‌ನಲ್ಲಿ ಬುಡಕಟ್ಟು ವ್ಯವಹಾರಗಳ ಸಚಿವಾಲಯ ಸಮುದಾಯ ಅರಣ್ಯ ನಿರ್ವಹಣಾ ಸಮಿತಿ ಹೇಗಿರಬೇಕು, ಯೋಜನೆ ಹೇಗೆ ಬರೆಯಬೇಕು ಎಂಬ ಮಾರ್ಗಸೂಚಿ ಹೊರಡಿಸಿತು. 2024ರ ಅಕ್ಟೋಬರ್ 2ರಂದು ಆರಂಭವಾದ, ಬುಡಕಟ್ಟು ಹಳ್ಳಿಗಳ ಅಭಿವೃದ್ಧಿಗೆಂದಿರುವ ಧರ್ತಿ ಆಬಾ ಜನಜಾತೀಯ ಗ್ರಾಮ ಉತ್ಕರ್ಷ ಅಭಿಯಾನದಲ್ಲಿ ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಅರಣ್ಯ ಹಕ್ಕು ಘಟಕಗಳಿಗೆ ಹಣ ಇಡಲಾಗಿದೆ. ಅರ್ಜಿ ಸಿದ್ಧಪಡಿಸಲು, ದಾಖಲೆ ಜೋಡಿಸಲು ನೆರವಾಗುವುದು ಈ ಘಟಕಗಳ ಕೆಲಸ. 2025ರಲ್ಲಿ ಇದರ ವಿರುದ್ಧ ಹಕ್ಕುಗಳ ಪರ ಸಂಘಟನೆಗಳು ದನಿಯೆತ್ತಿದವು. ಕಾಯ್ದೆಯಲ್ಲಿ ಗ್ರಾಮಸಭೆ, ಉಪವಿಭಾಗ, ಜಿಲ್ಲೆ, ರಾಜ್ಯ ಎಂಬ ಮೆಟ್ಟಿಲುಗಳಷ್ಟೇ ಇವೆ, ಪಕ್ಕದಲ್ಲಿ ಇನ್ನೊಂದು ಏಣಿ ನಿಲ್ಲಿಸುತ್ತಿದ್ದೀರಿ ಎಂಬುದು ಅವರ ಆಕ್ಷೇಪ.

ಈ ಜಗಳದಲ್ಲಿ ನಾನು ಪೂರ್ತಿ ಯಾರ ಕಡೆಯೂ ಇಲ್ಲ. ಸಂಬಳದ ಜನ ಬೇಕೇ ಬೇಕು. ಕರ್ನಾಟಕದಲ್ಲಿ ಸಲ್ಲಿಕೆಯಾದ ಸುಮಾರು 2.9 ಲಕ್ಷ ಅರ್ಜಿಗಳಲ್ಲಿ ಹಕ್ಕುಪತ್ರ ಸಿಕ್ಕಿದ್ದು ಹದಿನಾರು ಸಾವಿರದ ಆಸುಪಾಸಿನಷ್ಟಕ್ಕೆ. ಬಿದ್ದುಹೋದವುಗಳಲ್ಲಿ ಬಹುಪಾಲು ಬುಡಕಟ್ಟಿನವರಲ್ಲದ ಇತರ ಅರಣ್ಯವಾಸಿಗಳದ್ದು. ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದೆವು ಎಂಬ ಪುರಾವೆ ಅವರಿಗೆ ದೊಡ್ಡ ಗೋಡೆ. ಬುಡಕಟ್ಟಿನವರ ಅರ್ಜಿಗಳೂ ಕಾಗದ ಸರಿಯಿಲ್ಲವೆಂದು ಬಿದ್ದಿವೆ. ಒಳ್ಳೆಯ ಬರಹಗಾರರಿದ್ದಿದ್ದರೆ ಇವುಗಳಲ್ಲಿ ಎಷ್ಟೋ ಉಳಿಯುತ್ತಿದ್ದವು. ಆದರೆ ಆ ಬರಹಗಾರರು ಜಿಲ್ಲಾ ಕಚೇರಿಯ ನೌಕರರಾದರೆ ಅವರ ನಿಷ್ಠೆ ಯಾರಿಗೆ? ಅರ್ಜಿ ತಳ್ಳಿಹಾಕುವ ಜಿಲ್ಲಾ ಸಮಿತಿಯ ಅಧ್ಯಕ್ಷರು ಜಿಲ್ಲಾಧಿಕಾರಿ. ಅದೇ ಜಿಲ್ಲಾಡಳಿತದ ಕೆಳಗಿನ ಗುತ್ತಿಗೆ ನೌಕರ ಗ್ರಾಮಸಭೆಯ ಪರವಾಗಿ ಗಟ್ಟಿ ಮೇಲ್ಮನವಿ ಬರೆದುಕೊಡುತ್ತಾನೆಂದು ನಂಬುವುದು ಹೇಗೆ?

ನನ್ನ ಲೆಕ್ಕದಲ್ಲಿ ದಾರಿ ಸರಳವಾಗಿದೆ. ಘಟಕಗಳಿಗೆ ಇಟ್ಟ ಹಣದ ಒಂದು ಪಾಲು ನೇರ ಗ್ರಾಮಸಭೆಗಳ ಖಾತೆಗೆ ಹೋಗಲಿ. ಒಂದೊಂದು ಪೋಡಿಗೆ ಒಬ್ಬರನ್ನು ಇಟ್ಟುಕೊಳ್ಳುವುದು ಕಷ್ಟ. ಎಂಟು ಹತ್ತು ಪೋಡುಗಳು ಕೂಡಿ ಒಬ್ಬ ಕಾರ್ಯದರ್ಶಿಯನ್ನು, ಒಬ್ಬ ಲೆಕ್ಕಿಗರನ್ನು ನೇಮಿಸಿಕೊಳ್ಳಲಿ. ನೇಮಕದ ಆದೇಶಕ್ಕೆ ಗ್ರಾಮಸಭೆಯದ್ದೇ ಸಹಿ, ತೆಗೆಯುವ ಅಧಿಕಾರವೂ ಅದಕ್ಕೇ. ಪದವಿ ಓದಿದ ಸೋಲಿಗ, ಜೇನು ಕುರುಬ ಯುವಕ ಯುವತಿಯರು ಈಗ ಇದ್ದಾರೆ. ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಹೋಗುವ ಬದಲು ತಮ್ಮ ಸಭೆಯ ನಡಾವಳಿ ಬರೆಯಬಲ್ಲರು. ಕಾನೂನಿನ ತೊಡಕಿಗೆ ಜಿಲ್ಲೆಗೊಬ್ಬ ವಕೀಲರು ಕರೆದಾಗ ಬರುವಂತಿದ್ದರೆ ಸಾಕು. ನಡಾವಳಿಯ ಪ್ರತಿ ಸಭೆಯಲ್ಲೇ ಗಟ್ಟಿಯಾಗಿ ಓದಿ, ಸಹಿ ಹಾಕಿಸಿ, ಅಲ್ಲೇ ಮೊಬೈಲಿನಲ್ಲಿ ಚಿತ್ರ ತೆಗೆದು ನಾಲ್ಕು ಜನರ ಬಳಿ ಇರಿಸುವುದು ಕಡ್ಡಾಯವಾಗಲಿ. ಹಸದೇವ್‌ನ ತಕರಾರು ಹುಟ್ಟದಿರಲು ಇಷ್ಟು ಬೇಕು.

ಇದರಲ್ಲಿ ಅಪಾಯವೂ ಇದೆ, ಮುಚ್ಚಿಡಬಾರದು. ಬರೆಯಲು ಬಲ್ಲ ಹುಡುಗನೇ ಕ್ರಮೇಣ ಯಜಮಾನನಾಗಿಬಿಡಬಹುದು. ಕುಲದ ಹಿರಿಯರು, ನ್ಯಾಯ ಹೇಳುವ ಯಜಮಾನರು ಪಕ್ಕಕ್ಕೆ ಸರಿಯಬಹುದು. ಹೆಂಗಸರ ಸಹಿ ಇದ್ದು ಮಾತು ಇಲ್ಲದಂತಾಗಬಹುದು. ಕಚೇರಿಯ ಕನ್ನಡ ಪೋಡಿನ ಹಿರಿಯರಿಗೆ ಅರ್ಧಂಬರ್ಧ. ಸೋಲಿಗ ನುಡಿಯಲ್ಲಿ ಆಡಿದ ಮಾತು ‘ಸದರಿ ವಿಷಯವಾಗಿ ಕೂಲಂಕಷವಾಗಿ ಚರ್ಚಿಸಿ’ ಎಂಬ ಸಾಲಾಗಿ ಹೊರಬಂದಾಗ ಅದರಲ್ಲಿದ್ದ ಕಾಡೇ ಹೊರಟುಹೋಗಿರುತ್ತದೆ. ಅದಕ್ಕೇ ಮೇಂಢಾದ ಅಧ್ಯಯನ ಗುಂಪಿನ ಮಾತನ್ನು ಅಷ್ಟು ವಿಸ್ತಾರವಾಗಿ ಹೇಳಿದ್ದು. ಕಾರ್ಯದರ್ಶಿಯನ್ನು ಹದ್ದುಬಸ್ತಿನಲ್ಲಿಡಬಲ್ಲದ್ದು ತಿಳಿದ ಸಭೆಯೊಂದೇ.

2025ರ ಮೇ ತಿಂಗಳಲ್ಲಿ ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಯ ಜಾಗಕ್ಕೆ ಐವತ್ತರಷ್ಟು ಜೇನು ಕುರುಬ ಕುಟುಂಬಗಳು ಮರಳಿ ಬಂದು ಗುಡಿಸಲು ಹಾಕಿದವು. ದಶಕಗಳ ಹಿಂದೆ ನಮ್ಮನ್ನು ಇಲ್ಲಿಂದಲೇ ಎಬ್ಬಿಸಿದರು, ಹಕ್ಕಿನ ಅರ್ಜಿ ಹಾಕಿ ವರ್ಷಗಳಾದವು ಎನ್ನುತ್ತಾರೆ ಅವರು. ಇಲ್ಲಿ ವಾಸವಿದ್ದುದಕ್ಕೆ ಪುರಾವೆ ಇಲ್ಲ ಎನ್ನುತ್ತದೆ ಅರಣ್ಯ ಇಲಾಖೆ. ಅರ್ಜಿಯನ್ನು ಪಡೆದು, ಸ್ವೀಕೃತಿ ಕೊಟ್ಟು, ಪುರಾವೆಯೊಂದಿಗೆ ಕಾಯ್ದಿಡುವ ಹೊಣೆ ಅರಣ್ಯ ಹಕ್ಕು ಸಮಿತಿಯದ್ದು ಎಂದು ನಿಯಮದಲ್ಲಿ ಬರೆದಿದೆ. ಎಲ್ಲಿ ಕಾಯ್ದಿಡಬೇಕೆಂದು ಬರೆದಿಲ್ಲ. ಬೀರು ಇಲ್ಲದ ಸಮಿತಿಯ ಕಡತ ಯಾರದ್ದೋ ಗುಡಿಸಲಿನ ಟ್ರಂಕಿನಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ, ಪಡಿತರ ಚೀಟಿಯ ಜೊತೆಗಿರುತ್ತದೆ. ನಾಗರಹೊಳೆಯಲ್ಲಿ ಜೂನ್ ಬಂತೆಂದರೆ ಮಳೆ ಹಿಡಿಯುತ್ತದೆ.